ಅರಸನಿಗೊಂದು ನಾಣ್ಯ: ಆಂಗ್ಲ ನಾಣ್ಯಸಂಗ್ರಹದ ರಾಜಾನುಕ್ರಮವನ್ನು ಕುರಿತ ವಿಮರ್ಶೆ

ಇಂಗ್ಲೆಂಡಿನ ಹಳೆಯ ನಾಣ್ಯಗಳನ್ನು ಕೂಡಿಹಾಕುವವರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಕ್ರಮವೊಂದುಂಟು. 1066ರಲ್ಲಿ ಪಟ್ಟವೇರಿದ ಮೊದಲನೆಯ ವಿಲಿಯಂನಿಂದ ತೊಡಗಿ 2022ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಚಾರ್ಲ್ಸನವರೆಗೆ, ಒಬ್ಬೊಬ್ಬ ಅರಸನಿಗೆ ಒಂದೊಂದು ನಾಣ್ಯದಂತೆ ಆಯ್ದು, ಮರದ ಪೆಟ್ಟಿಗೆಯ ತೆಳುಹಲಗೆಗಳಲ್ಲಿ ಕೊರೆದ ದುಂಡು ಗುಳಿಗಳಲ್ಲಿ ಕೂರಿಸುವುದೇ ಆ ಕ್ರಮ. ಹಲಗೆಯನ್ನು ಹೊರಗೆಳೆದು ಸಾಲನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಒಂದು ರಾಜವಂಶಾವಳಿಯೇ ಕಣ್ಣಮುಂದೆ ಸಾಗಿಹೋದಂತಾಗುತ್ತದೆ. ವ್ಯಾಪಾರಿಗಳ ಬೆಲೆಪಟ್ಟಿಗಳು, ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳು, ಪ್ರಮಾಣಗ್ರಂಥಗಳು ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆದಿವೆ. ಕ್ರಮವು ಎಷ್ಟು ಸಹಜವೆಂದು ತೋರುತ್ತದೆಂದರೆ, ಇದು ನಾಣ್ಯದಲ್ಲಿಯೇ ಇರುವ ಕ್ರಮವೋ, ನಾವು ನಾಣ್ಯದ ಮೇಲೆ ಹೊರಿಸಿದ ಕ್ರಮವೋ ಎಂಬ ಪ್ರಶ್ನೆ ಏಳುವುದೇ ಅಪರೂಪ. ಆ ಪ್ರಶ್ನೆಯನ್ನು ಎತ್ತಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ರಾಜಾನುಕ್ರಮವು ನಾಣ್ಯಕ್ಕೆ ರಾಜಚರಿತೆಗಳಿಂದ ಬಂದುದು. ನಾಣ್ಯದ ಹುಟ್ಟುಸಾವುಗಳು ಅರಸನ ಹುಟ್ಟುಸಾವುಗಳೊಡನೆ ಕೂಡಿಬರುವುದು ಕಡಮೆ. ಕೂಡಿಬಾರದ ಕಡೆಗಳಲ್ಲಿ ಬಲವಂತದಿಂದ ಕೂಡಿಸಲು ಹೊರಟಾಗ ತಪ್ಪು ನಿರ್ಣಯಗಳು ಹುಟ್ಟಿವೆ. ಕೆಲವೆಡೆ ಕಪಟವೂ ಹುಟ್ಟಿದೆ.

ಹಾಗೆಂದು ಈ ಕ್ರಮ ನಿರರ್ಥಕವೆಂದು ಯಾರೂ ಹೇಳಲಾರರು. ನಾಣ್ಯದ ಮುಂಬದಿಯಲ್ಲಿ ಅರಸನ ತಲೆ ಇದೆ. ಸುತ್ತಲೂ ಅವನ ಹೆಸರಿದೆ. ಮೊದಲು ಕಣ್ಣಿಗೆ ಬೀಳುವುದನ್ನೇ ಹಿಡಿದು ವಿಂಗಡಿಸುವುದು ಮನುಷ್ಯಸ್ವಭಾವ. ಮಾರ್ಟಿನ್ ಫೋಕ್ಸರು 1745ರಲ್ಲಿ ಪ್ರಕಟಿಸಿದ ಆಂಗ್ಲ ಬೆಳ್ಳಿನಾಣ್ಯಗಳ ಕೋಷ್ಟಕ, ರೂಡಿಂಗರ ಬೃಹದ್ಗ್ರಂಥ, 1841ರಲ್ಲಿ ಬಂದ ಹಾಕಿನ್ಸರ ಗ್ರಂಥ ಇವೆಲ್ಲ ಆಳ್ವಿಕೆಯಿಂದ ಆಳ್ವಿಕೆಗೆ ಸಾಗುತ್ತವೆ. ಅವುಗಳ ಋಣ ಇಂದಿಗೂ ತೀರಿಲ್ಲ. ಜನಸಾಮಾನ್ಯರ ಪಾಲಿಗಂತೂ ಈ ಕ್ರಮ ಕಿಸೆಯಲ್ಲಿಯೇ ಇತ್ತು. 1971ರ ಫೆಬ್ರವರಿ 15ರಂದು ದಶಮಾನ ಪದ್ಧತಿ ಬರುವವರೆಗೂ ಇಂಗ್ಲೆಂಡಿನಲ್ಲಿ ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್, ಎರಡನೆಯ ಎಲಿಜಬೆತ್ ಐವರ ಪೆನ್ನಿಗಳೂ ಒಟ್ಟಿಗೆ ಸಿಕ್ಕುವ ಸಂಭವವಿತ್ತು. ಬಾಲಕನೊಬ್ಬನು ಅವುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರೆ ಇತಿಹಾಸದ ಮೊದಲ ಪಾಠ ಅಲ್ಲಿಯೇ ಆಯಿತು. ಈ ಪಾಠಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಪಾಠವು ಮೊದಲನೆಯದೆಂಬುದನ್ನು ಮರೆತು ಅದನ್ನೇ ಶಾಸ್ತ್ರವೆಂದು ಬಗೆಯುವುದಕ್ಕೆ ಮಾತ್ರ ಆಕ್ಷೇಪಣೆ.

ಮೊದಲನೆಯ ಹಲಗೆಯಲ್ಲಿಯೇ ತೊಡಕು ಕಾಣಿಸಿಕೊಳ್ಳುತ್ತದೆ. ಎರಡನೆಯ ಹೆನ್ರಿಯು 1180ರಲ್ಲಿ ಹೊಸ ಪೆನ್ನಿಯೊಂದನ್ನು ಹೊರಡಿಸಿದನು. ಅದರ ಹಿಂಬದಿಯಲ್ಲಿ ಜೋಡುಗೆರೆಯ ಚಿಕ್ಕ ಶಿಲುಬೆಯಿರುವುದರಿಂದ ನಾಣ್ಯಶಾಸ್ತ್ರಜ್ಞರು ಇದನ್ನು ಗಿಡ್ಡಶಿಲುಬೆಯ ಪೆನ್ನಿ ಎಂದು ಕರೆಯುತ್ತಾರೆ. ಮುಂಬದಿಯ ಬರಹ ‘ಹೆನ್ರಿಕಸ್ ರೆಕ್ಸ್’, ಎಂದರೆ ಹೆನ್ರಿ ದೊರೆ. ಎಷ್ಟನೆಯ ಹೆನ್ರಿ ಎಂಬ ಸೂಚನೆಯಿಲ್ಲ. ಹೆನ್ರಿಯು 1189ರಲ್ಲಿ ತೀರಿಕೊಂಡನು. ಮಗ ರಿಚರ್ಡನು ಪಟ್ಟಕ್ಕೆ ಬಂದನು. ಪೆನ್ನಿಯ ಮೇಲಿನ ಹೆಸರು ಬದಲಾಗಲಿಲ್ಲ. 1199ರಲ್ಲಿ ಜಾನನು ಬಂದನು, ಆಗಲೂ ಬದಲಾಗಲಿಲ್ಲ. 1216ರಲ್ಲಿ ಜಾನನ ಮಗ ಮೂರನೆಯ ಹೆನ್ರಿಯು ಬಂದಾಗ ಹೆಸರು ತಾನಾಗಿಯೇ ಮತ್ತೆ ಸರಿಹೊಂದಿತು. 1247ರಲ್ಲಿ ಉದ್ದಶಿಲುಬೆಯ ಪೆನ್ನಿ ಹೊರಡುವವರೆಗೆ, ಅರುವತ್ತೇಳು ವರ್ಷಗಳ ಕಾಲ, ನಾಲ್ವರು ದೊರೆಗಳ ಆಳ್ವಿಕೆಯಲ್ಲಿ, ಒಂದೇ ಹೆಸರು ಒಂದೇ ಬಗೆಯ ಮುಖದೊಡನೆ ನಡೆಯಿತು.

ರಿಚರ್ಡನು ಇತಿಹಾಸದಲ್ಲಿ ಪ್ರಸಿದ್ಧನಾದ ದೊರೆ. ಧರ್ಮಯುದ್ಧದಿಂದ ಮರಳುವಾಗ ಸೆರೆಸಿಕ್ಕಿದ ಅವನನ್ನು ಬಿಡಿಸಲು ಒಂದೂವರೆ ಲಕ್ಷ ಮಾರ್ಕು ಬೆಳ್ಳಿಯನ್ನು ಕೇಳಲಾಯಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ಬಿಡುಗಡೆಗಾಗಿ ತೆರಿಗೆ ತೆತ್ತ ಆಂಗ್ಲಜನರ ಕೈಯಲ್ಲಿದ್ದ ಪೆನ್ನಿಯ ಮೇಲೆ ರಿಚರ್ಡನ ಹೆಸರಿರಲಿಲ್ಲ. ತೀರಿಹೋದ ಅವನ ತಂದೆಯ ಹೆಸರಿತ್ತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಾಣ್ಯಕ್ಕೆ ಬೆಲೆ ಬರುವುದು ನಂಬಿಕೆಯಿಂದ. ನಂಬಿಕೆ ಬೆಳೆಯುವುದು ಪರಿಚಯದಿಂದ. ಸಂತೆಯಲ್ಲಿ ಓಡಾಡುತ್ತಿರುವ ಒಳ್ಳೆಯ ಹಣದ ಮುಖವನ್ನು ಕೇವಲ ಅರಸನು ಸತ್ತನೆಂಬ ಕಾರಣಕ್ಕೆ ಕದಲಿಸುವ ಅಗತ್ಯವಿಲ್ಲವೆಂದು ಅಂದಿನವರು ಭಾವಿಸಿದ್ದಿರಬೇಕು. ಅಚ್ಚಿನಲ್ಲಿ ನಿಜವಾದ ಬದಲಾವಣೆ ಎದ್ದುಕಾಣುವುದು 1199ರ ಪಟ್ಟಾಭಿಷೇಕದಲ್ಲಿ ಅಲ್ಲ, ಸವೆದ ಮತ್ತು ಅಂಚು ಕತ್ತರಿಸಿದ ಹಣವನ್ನು ಹಿಂತೆಗೆದುಕೊಂಡು ಹೊಸದಾಗಿ ಟಂಕಿಸಿದ 1205ರ ಸುಮಾರಿನಲ್ಲಿ. ಅರಸನ ಕಾಲಗಣನೆ ಬೇರೆ. ಹಣದ ಕಾಲಗಣನೆ ಬೇರೆ.

ಈ ಸಂಗತಿ ತಿಳಿಯದಿದ್ದ ಕಾಲದಲ್ಲಿ ಸಂಗ್ರಾಹಕರ ಪಾಡೇನಾಯಿತೆಂಬುದು ವಿಚಾರಾರ್ಹ. ಹಲಗೆಯಲ್ಲಿ ರಿಚರ್ಡನಿಗೊಂದು, ಜಾನನಿಗೊಂದು ಗುಳಿ ಕೊರೆದಾಗಿತ್ತು. ಅವುಗಳಲ್ಲಿ ಕೂರಬೇಕಾದ ಪೆನ್ನಿಗಳು ಪಕ್ಕದಲ್ಲಿಯೇ, ಹೆನ್ರಿಯ ಗುಳಿಯಲ್ಲಿ, ಒಂದರ ಮೇಲೊಂದು ಬಿದ್ದಿದ್ದವು. ಆದರೆ ಹೆಸರು ನೋಡಿ ವಿಂಗಡಿಸುವ ಕಣ್ಣಿಗೆ ಅವು ಕಾಣಲಿಲ್ಲ. ಬರಿದಾದ ಗುಳಿ ಸಂಗ್ರಾಹಕನನ್ನು ಚುಚ್ಚುತ್ತದೆ. ಆ ಚುಚ್ಚಿಗೆ ಮದ್ದು ಕೊಡುವವರು 18ನೆಯ ಶತಮಾನದಲ್ಲಿ ಹುಟ್ಟಿಕೊಂಡರು: ರಿಚರ್ಡನ ಹೆಸರನ್ನು ಹೊತ್ತ ಕೃತಕ ಪೆನ್ನಿಗಳು ತಯಾರಾಗಿ ಮಾರಾಟವಾದವು. ಹೀಗೆ ಎಂದೂ ಇಲ್ಲದಿದ್ದ ನಾಣ್ಯವನ್ನು ಸಂಗ್ರಹಕ್ರಮವೇ ಹುಟ್ಟಿಸಿತು. ಕಪಟಿಯ ಲೋಭವನ್ನು ನಾವು ಮನ್ನಿಸಬೇಕಾಗಿಲ್ಲ. ಆದರೆ ಅವನಿಗೆ ಅಳತೆ ಕೊಟ್ಟದ್ದು ಗುಳಿ ಎಂಬುದನ್ನೂ ಮರೆಯಬಾರದು.

ಪ್ರಾಮಾಣಿಕರು ಬೇರೆ ದಾರಿ ಹಿಡಿದರು. ಫ್ರಾನ್ಸಿನ ಅಕ್ವಿಟೇನ್ ಮತ್ತು ಪೊಯ್ತು ಸೀಮೆಗಳಲ್ಲಿ ರಿಚರ್ಡನ ಹೆಸರಿನ ದೆನಿಯೇ ನಾಣ್ಯಗಳುಂಟು. ಐರ್ಲೆಂಡಿನಲ್ಲಿ ಜಾನನ ಹೆಸರಿನ, ತ್ರಿಕೋಣದೊಳಗೆ ತಲೆಯಿರುವ ಪೆನ್ನಿಗಳುಂಟು. ಇವುಗಳನ್ನು ತಂದು ಗುಳಿ ತುಂಬಿಸುವುದು ಇಂದಿಗೂ ನಡೆದಿದೆ. ನಾಣ್ಯ ನಿಜವಾದುದೇ, ದೊರೆಯೂ ಅವನೇ. ಆದರೆ ಆಂಗ್ಲನಾಣ್ಯಗಳ ಸಾಲಿನಲ್ಲಿ ಅದನ್ನಿಟ್ಟಾಗ ಇಂಗ್ಲೆಂಡಿನಲ್ಲಿಯೂ ಆ ಹೆಸರಿನ ಹಣ ನಡೆಯಿತೆಂಬ ತಪ್ಪುಭಾವನೆ ನೋಡುವವನಲ್ಲಿ ಉಂಟಾಗದೆ ಇರುವುದಿಲ್ಲ.

ಗಂಟನ್ನು ಬಿಡಿಸಿದವರು ಹೆಸರನ್ನು ಬಿಟ್ಟು ಉಳಿದುದನ್ನು ನೋಡಿದವರು. ಲಾಂಗ್‌ಸ್ಟಾಫರು 1863ರಲ್ಲಿ ಮಾತೆತ್ತಿದರು. ಮರುವರ್ಷ ಲಂಕಾಷೈರಿನ ಎಕ್ಲ್ಸ್ ಎಂಬಲ್ಲಿ ಆರು ಸಾವಿರಕ್ಕೂ ಹೆಚ್ಚು ಗಿಡ್ಡಶಿಲುಬೆಯ ಪೆನ್ನಿಗಳ ನಿಧಿಯೊಂದು ದೊರೆಯಿತು. 1865ರಲ್ಲಿ ಜಾನ್ ಈವಾನ್ಸರು, ಕ್ರೀಟಿನ ಕ್ನಾಸಸ್ಸನ್ನು ಅಗೆದ ಆರ್ಥರ್ ಈವಾನ್ಸರ ತಂದೆ ಇವರು, ಈ ಪೆನ್ನಿಗಳನ್ನು ಐದು ವರ್ಗಗಳಾಗಿ ವಿಂಗಡಿಸಿ ನಾಲ್ಕು ಆಳ್ವಿಕೆಗಳಿಗೂ ಹಂಚಿದರು. ಮುಂದೆ ಲಾರೆನ್ಸರು ಅವನ್ನು ಎಂಟಾಗಿ ಒಡೆದರು. ಈ ವಿಂಗಡಣೆಗೆ ಆಧಾರವಾದುದು ಯಾವುದು? ಕಿರೀಟದಲ್ಲಿ ಎಷ್ಟು ಮುತ್ತುಗಳಿವೆ. ಮುಖದ ಎರಡು ಪಕ್ಕಗಳಲ್ಲಿ ಎಷ್ಟೆಷ್ಟು ಗುಂಗುರು ಕೂದಲು ಇದೆ (ಮೊದಲ ವರ್ಗದಲ್ಲಿ ಎಡಕ್ಕೆ ಎರಡು, ಬಲಕ್ಕೆ ಐದು). ಅಕ್ಷರದ ಬಾಗು ಹೇಗಿದೆ. ಎಲ್ಲಕ್ಕಿಂತ ಮಿಗಿಲಾಗಿ, ಹಿಂಬದಿಯಲ್ಲಿ ಯಾವ ಟಂಕಕಾರನ ಹೆಸರಿದೆ, ಯಾವ ಊರಿನ ಹೆಸರಿದೆ ಎಂಬುದು. ಟಂಕಕಾರರು ಅರಸನ ಲೆಕ್ಕಪತ್ರಗಳಲ್ಲಿಯೂ ಸಿಕ್ಕುತ್ತಾರೆ. ಅರಸನ ಹೆಸರು ಸುಳ್ಳು ಹೇಳುವಲ್ಲಿ ಅಕ್ಕಸಾಲೆಯ ಹೆಸರು ನಿಜ ಹೇಳಿತು.

ಎಡ್ವರ್ಡರ ವಿಷಯದಲ್ಲಿ ಕಥೆ ಮತ್ತೊಂದು ಬಗೆಯದು. ಮೊದಲನೆಯ ಎಡ್ವರ್ಡನು 1272ರಲ್ಲಿ ಪಟ್ಟವೇರಿದರೂ 1279ರವರೆಗೆ ತಂದೆಯ ಹೆಸರಿನಲ್ಲಿಯೇ ಉದ್ದಶಿಲುಬೆಯ ಪೆನ್ನಿ ಹೊರಡುತ್ತಿತ್ತು. 1279ರಲ್ಲಿ ಬಂದ ಹೊಸ ಪೆನ್ನಿಯ ರೂಪವಾದರೋ ಅವನ ಮಗನ ಕಾಲವನ್ನೂ ದಾಟಿ ಮೊಮ್ಮಗನ ಕಾಲಕ್ಕೂ ನಡೆಯಿತು. ಮೂವರ ಹೆಸರೂ ಎಡ್ವರ್ಡ್, ಸಂಖ್ಯೆಯಿಲ್ಲ, ಮುಖ ಒಂದೇ. ಆದರೆ ಹೆಸರು ಕೆಲವು ನಾಣ್ಯಗಳಲ್ಲಿ ಮೂರಕ್ಷರಕ್ಕೆ ನಿಂತಿದೆ, ಕೆಲವರಲ್ಲಿ ನಾಲ್ಕೈದಾರಕ್ಷರಗಳಿಗೆ ಬೆಳೆದಿದೆ, ಮತ್ತೆ ಕೆಲವರಲ್ಲಿ ಪೂರ್ಣವಾಗಿದೆ. ಯಾರ್ಕಿನ ಆರ್ಚ್‌ಬಿಷಪ್ ಷಾರ್ಪರು (ಇವರು 1714ರಲ್ಲಿ ತೀರಿಕೊಂಡರು) ಇದರಿಂದ ಒಂದು ಸುಲಭಸೂತ್ರವನ್ನು ಕಟ್ಟಿದರು: ಮೂರಕ್ಷರದ್ದು ಮೊದಲನೆಯವನದು, ಪೂರ್ಣಹೆಸರಿನದು ಮೂರನೆಯವನದು, ನಡುವಿನವು ನಡುವಿನವನವು. ಎಂಥ ಅಚ್ಚುಕಟ್ಟು! ಮೂರು ಗುಳಿಗಳಿಗೆ ಮೂರು ನಾಣ್ಯಗಳು ದೊರೆತವು. ಈ ಸೂತ್ರವು ಸಂಗ್ರಾಹಕರಿಗೆ ಎಷ್ಟು ಅನುಕೂಲವಾಗಿತ್ತೆಂದರೆ ಎರಡು ಶತಮಾನಗಳ ಕಾಲ ಅದನ್ನು ಅಲುಗಿಸುವವರು ವಿರಳವಾದರು.

20ನೆಯ ಶತಮಾನದ ಆರಂಭದಲ್ಲಿ ಫಾಕ್ಸ್ ಸೋದರರು ಇದನ್ನು ಅಲುಗಿಸಿದರು. ಅವರ ವಿಧಾನ ಗಮನಾರ್ಹ. ಅಚ್ಚು ಕೊರೆಯುವವನು ಪ್ರತಿ ಅಕ್ಷರವನ್ನೂ ಕೈಯಿಂದ ಕೆತ್ತುತ್ತಿರಲಿಲ್ಲ. ಉಕ್ಕಿನ ಸಣ್ಣ ಮುದ್ರೆಗಳಿಂದ ಒತ್ತುತ್ತಿದ್ದನು. ಮುದ್ರೆ ಸವೆಯುತ್ತದೆ, ಮೂಲೆ ಮುರಿಯುತ್ತದೆ, ಕೊನೆಗೆ ಬದಲಾಗುತ್ತದೆ. ಮುರಿದ ಮುದ್ರೆಯ ಗುರುತುಗಳನ್ನೂ ಕಿರೀಟದ ಹೂವಿನ ಆಕಾರಗಳನ್ನೂ ಹಿಡಿದು ನಾಣ್ಯಗಳನ್ನು ಹುಟ್ಟಿದ ಸಾಲಿನಲ್ಲಿ ನಿಲ್ಲಿಸಬಹುದು. ಇದಕ್ಕೆ ಡರ್ಹಂ ನಗರದ ಪೆನ್ನಿಗಳು ಊರುಗೋಲಾದವು. ಅಲ್ಲಿಯ ಬಿಷಪ್ಪನಿಗೆ ಸ್ವಂತ ಟಂಕಸಾಲೆಯಿತ್ತು. ಒಬ್ಬೊಬ್ಬ ಬಿಷಪ್ಪನು ತನ್ನ ಗುರುತನ್ನು ಹಾಕಿಸುತ್ತಿದ್ದನು. ಬೆಕ್ ಎಂಬವನದು ಕವಲೊಡೆದ ತುದಿಗಳ ಶಿಲುಬೆ; 1311ರಲ್ಲಿ ಬಂದ ಕೆಲ್ಲೊ ಎಂಬವನದು ಬಾಗಿದ ಧರ್ಮದಂಡ; ಅವನ ಬಳಿಕ ಬಂದ ಬ್ಯೂಮಾಂಟನದು ಸಿಂಹ. ಬಿಷಪ್ಪರ ಕಾಲ ತಿಳಿದಿರುವುದರಿಂದ ಪೆನ್ನಿಗಳ ಕಾಲವೂ ತಿಳಿಯಿತು. ಹೀಗೆ ಸಾಲುಗೂಡಿಸಿದಾಗ ಕಂಡುದೇನೆಂದರೆ, ನಾಲ್ಕೈದಾರಕ್ಷರಗಳ ಹೆಸರಿನ ಪೆನ್ನಿಗಳು ಮೊದಲನೆಯ ಎಡ್ವರ್ಡನು ಬದುಕಿದ್ದಾಗಲೇ ಹೊರಟಿದ್ದವು. ಅವನು 1307ರ ಜುಲೈಯಲ್ಲಿ ತೀರಿಕೊಂಡನು; ಹತ್ತನೆಯ ವರ್ಗದ ನಾಣ್ಯಗಳು ಆ ಸಾವನ್ನು ಗಮನಿಸದೆಯೇ ದಾಟಿಹೋದವು. ಸೂತ್ರ ಬಿದ್ದಿತು. ಅದನ್ನು ನಂಬಿ ಎರಡನೆಯ ಎಡ್ವರ್ಡನ ಗುಳಿಯಲ್ಲಿ ಕೂರಿಸಿದ್ದ ಪೆನ್ನಿಗಳಲ್ಲಿ ಎಷ್ಟೋ ಅವನ ತಂದೆಯವು.

ಇಬ್ಬರು ವಿಲಿಯಂರ ಗಡಿಯೂ ಇಂಥದೇ. ಅವರ ಹದಿಮೂರು ಬಗೆಯ ಪೆನ್ನಿಗಳಲ್ಲಿ ಎಂಟು ತಂದೆಯವು, ಐದು ಮಗನವು ಎಂಬುದು ರೂಢಿಯ ಹಂಚಿಕೆ. ಗಡಿ ಬೀಳುವುದು ಎಲ್ಲಿ ಎಂಬುದು ಮಾತ್ರ ಬಹುಕಾಲದ ವಾದ. ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಮುಖವೇ ಅರಸನ ಗುರುತೆಂದು ನಂಬುವವರು ಟ್ಯೂಡರರ ಹಲಗೆಯನ್ನು ಎಚ್ಚರದಿಂದ ನೋಡಬೇಕು. ಏಳನೆಯ ಹೆನ್ರಿಯ ಕೊನೆಗಾಲದಲ್ಲಿ ಪಾರ್ಶ್ವಮುಖದ ನಾಣ್ಯಗಳು ಬಂದವು. ಆಂಗ್ಲನಾಣ್ಯದಲ್ಲಿ ನಿಜವಾದ ಮುಖಸಾದೃಶ್ಯ ಎನ್ನಬಹುದಾದುದು ಇಲ್ಲಿಂದ ತೊಡಗುತ್ತದೆ. ಆದರೆ ಅವನ ಮಗ ಎಂಟನೆಯ ಹೆನ್ರಿಯು 1509ರಲ್ಲಿ ಪಟ್ಟಕ್ಕೆ ಬಂದಾಗ ಅಚ್ಚಿನಲ್ಲಿ ಬದಲಾದುದು ಸಂಖ್ಯೆ ಮಾತ್ರ. ಏಳು ಎಂಟಾಯಿತು, ಮುಖ ತಂದೆಯದೇ ಉಳಿಯಿತು. 1526ರವರೆಗೆ ಹದಿನೇಳು ವರ್ಷ ಯುವರಾಜನು ಮುದುಕನ ಮುಖದಲ್ಲಿ ಸಂತೆ ಸುತ್ತಿದನು. 1547ರಲ್ಲಿ ಅವನು ತೀರಿಕೊಂಡ ಬಳಿಕ ಇದರ ತಿರುವುಮುರುವು ನಡೆಯಿತು. ಬಾಲಕ ಆರನೆಯ ಎಡ್ವರ್ಡನ ಆಳ್ವಿಕೆಯಲ್ಲಿ 1551ರವರೆಗೆ ಸತ್ತ ತಂದೆಯ ಹೆಸರಿನ ನಾಣ್ಯಗಳು ಹೊರಡುತ್ತಲೇ ಇದ್ದವು. ಚಿನ್ನದ ಅರ್ಧಸಾವರಿನ್ನುಗಳಲ್ಲಿ ಕೆಲವು ವಿಚಿತ್ರವಾದವು: ಹೆಸರು ತಂದೆಯದು, ಸಿಂಹಾಸನದ ಮೇಲೆ ಕುಳಿತವನು ಮಗ. ಇದನ್ನು ಯಾರ ಗುಳಿಯಲ್ಲಿಡಬೇಕು? ಯಾರದರಲ್ಲಿಟ್ಟರೂ ಅರ್ಧ ನಿಜ.

ಇಲ್ಲಿ ಅರಸರ ಸರದಿಗಿಂತ ಮುಖ್ಯವಾದ ಸಂಗತಿಯೊಂದು ಲೋಹದಲ್ಲಿ ನಡೆಯುತ್ತಿತ್ತು. ನೂರರಲ್ಲಿ ತೊಂಬತ್ತೆರಡೂವರೆ ಪಾಲು ಶುದ್ಧವಾಗಿದ್ದ ಆಂಗ್ಲ ಬೆಳ್ಳಿ 1544ರಲ್ಲಿ ಎಪ್ಪತ್ತೈದಕ್ಕೆ, 1545ರಲ್ಲಿ ಐವತ್ತಕ್ಕೆ, 1546ರಲ್ಲಿ ಮೂರರಲ್ಲೊಂದು ಪಾಲಿಗೆ ಇಳಿಯಿತು. 1551ರಲ್ಲಿ ಕೊನೆಯ ಹೀನಸ್ಥಿತಿ ನಾಲ್ಕರಲ್ಲೊಂದು ಪಾಲು. ಹೊಳಪಿಗೆ ಮೇಲೆ ಬೆಳ್ಳಿ, ಒಳಗೆ ತಾಮ್ರ. ಎದುರುಮುಖದ ಚಿತ್ರದಲ್ಲಿ ಮೊದಲು ಸವೆಯುವುದು ಮೂಗು. ಹೆನ್ರಿಗೆ ತಾಮ್ರಮೂಗಿನವನೆಂಬ ಅಡ್ಡಹೆಸರು ಬಂದದ್ದು ಹೀಗೆ. 1560ರಲ್ಲಿ ಎಲಿಜಬೆತ್ತಳ ಸರ್ಕಾರ ಎಡ್ವರ್ಡನ ಕಲಬೆರಕೆ ಶಿಲಿಂಗುಗಳನ್ನು ಬೇರ್ಪಡಿಸಲು ಕೋಟೆಬಾಗಿಲಿನ ಗುರುತನ್ನೋ ಬೇಟೆನಾಯಿಯ ಗುರುತನ್ನೋ ಒತ್ತಿಸಿತು. ಮೊದಲನೆಯದಕ್ಕೆ ನಾಲ್ಕೂವರೆ ಪೆನ್ನಿ ಬೆಲೆ, ಎರಡನೆಯದಕ್ಕೆ ಎರಡೂಕಾಲು. ಹನ್ನೆರಡು ಪೆನ್ನಿಯ ನಾಣ್ಯ ಒಂದೇ ಒತ್ತಿನಲ್ಲಿ ಎರಡೂಕಾಲಾದುದನ್ನು ಕೈಯಲ್ಲಿ ಹಿಡಿದ ರೈತನ ಮನಸ್ಸನ್ನು ಊಹಿಸಿಕೊಳ್ಳಬಹುದು. ಹೆನ್ರಿ, ಎಡ್ವರ್ಡ್, ಮೇರಿ, ಎಲಿಜಬೆತ್ ಎಂದು ನಾಲ್ಕು ಸುಂದರ ಮುಖಗಳನ್ನು ಸಾಲಾಗಿಟ್ಟ ಹಲಗೆಯಲ್ಲಿ ಈ ಪತನ-ಉತ್ಥಾನದ ಸುಳಿವೇ ಇರುವುದಿಲ್ಲ. ಸಂಗ್ರಾಹಕನು ಒಬ್ಬೊಬ್ಬರದರಲ್ಲಿ ಒಳ್ಳೆಯದನ್ನೇ ಆಯುತ್ತಾನಲ್ಲವೆ? ಕಲಬೆರಕೆಯ ಸವೆದ ಬಿಲ್ಲೆ ಆಯ್ಕೆಯಲ್ಲಿಯೇ ಬಿದ್ದುಹೋಗುತ್ತದೆ.

ಅರಸನೇ ಇಲ್ಲದ ಕಾಲಕ್ಕೆ ಈ ಕ್ರಮ ಏನು ಮಾಡುತ್ತದೆ? 1649ರಿಂದ 1660ರವರೆಗಿನ ಗಣರಾಜ್ಯದ ನಾಣ್ಯಗಳಲ್ಲಿ ತಲೆಯಿಲ್ಲ, ಲ್ಯಾಟಿನ್ನೂ ಇಲ್ಲ. ಎರಡು ಗುರಾಣಿಗಳು ಮತ್ತು ಆಂಗ್ಲಭಾಷೆಯ ಬರಹ. ಕೆಲವರು ಇವನ್ನು ಹೊರಗಿಡುತ್ತಾರೆ. ಕೆಲವರು ಆಲಿವರ್ ಕ್ರಾಮ್ವೆಲ್ಲನ ತಲೆಯಿರುವ 1658ರ ನಾಣ್ಯವೊಂದನ್ನು ತಂದು ಅವನನ್ನೂ ಅರಸರ ಸಾಲಿನಲ್ಲಿ ಕೂರಿಸಿಬಿಡುತ್ತಾರೆ! ಎರಡನೆಯ ಚಾರ್ಲ್ಸನ ಟಂಕಸಾಲೆ ಇನ್ನೂ ಮುಂದೆ ಹೋಯಿತು. 1663ರ ಕ್ರೌನ್ ನಾಣ್ಯದ ಅಂಚಿನ ಮೇಲೆ ಆಳ್ವಿಕೆಯ ಹದಿನೈದನೆಯ ವರ್ಷವೆಂದು ಬರೆದಿದೆ. ಅವನು ಸಿಂಹಾಸನಕ್ಕೆ ಮರಳಿ ಮೂರೇ ವರ್ಷವಾಗಿತ್ತು. ಎಣಿಕೆ ಮಾತ್ರ ತಂದೆಯ ತಲೆ ಬಿದ್ದ 1649ರಿಂದ. ನಡುವಣ ಹನ್ನೊಂದು ವರ್ಷಗಳು ನಡೆದೇ ಇಲ್ಲವೆಂಬುದು ಅದರ ವಾದ. ರಾಜಾನುಕ್ರಮದ ಸಂಗ್ರಹವು ತಿಳಿದೋ ತಿಳಿಯದೆಯೋ ಈ ವಾದಕ್ಕೇ ಸಹಿ ಹಾಕುತ್ತದೆ.

ಇನ್ನು ಮೂರನೆಯ ಜಾರ್ಜ್. 1760ರಿಂದ 1820ರವರೆಗೆ ಅರುವತ್ತು ವರ್ಷಗಳ ಆಳ್ವಿಕೆ; ಗುಳಿ ತುಂಬಿಸುವುದು ಸುಲಭ. ಸಾಮಾನ್ಯವಾಗಿ 1816ರ ಸುಧಾರಣೆಯ ಬಳಿಕ ಹೊರಟ ಶಿಲಿಂಗೊಂದು ಅಲ್ಲಿ ಕೂರುತ್ತದೆ. ಆದರೆ ಅದಕ್ಕೆ ಹಿಂದಿನ ಐವತ್ತಾರು ವರ್ಷಗಳಲ್ಲಿ ಅರಮನೆಯ ಟಂಕಸಾಲೆ ಹೊರಡಿಸಿದ ಬೆಳ್ಳಿ ಅತ್ಯಲ್ಪ. ಜನರು ಕೂಲಿ ಕೊಟ್ಟದ್ದು, ರೊಟ್ಟಿ ಕೊಂಡದ್ದು ಯಾವುದರಿಂದ? 1787ರಿಂದ ಆಂಗ್ಲಸಿಯ ತಾಮ್ರಗಣಿಯ ಒಡೆಯರು ಡ್ರೂಯಿಡ್ ಪೂಜಾರಿಯೊಬ್ಬನ ತಲೆಯಿರುವ ಪೆನ್ನಿಗಳನ್ನು ತಾವೇ ಹೊರಡಿಸಿದರು. ಅವರನ್ನು ನೋಡಿ ಊರೂರಿನ ವರ್ತಕರು ಹೊರಡಿಸಿದರು. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನಲ್ಲಿದ್ದ ಸ್ಪೇನಿನ ಡಾಲರುಗಳ ಮೇಲೆ ಜಾರ್ಜನ ಪುಟ್ಟ ತಲೆಯನ್ನು ಒತ್ತಿಸಿ ನಾಲ್ಕು ಶಿಲಿಂಗು ಒಂಬತ್ತು ಪೆನ್ನಿಯ ಬೆಲೆಗೆ ಚಲಾವಣೆಗೆ ಬಿಟ್ಟಿತು. ಸ್ಪೇನಿನ ದೊರೆಯ ಕೊರಳ ಮೇಲೆ ಇಂಗ್ಲೆಂಡಿನ ದೊರೆ! ಐದು ಶಿಲಿಂಗಿನ ನಾಣ್ಯಕ್ಕೆ ಕ್ರೌನ್, ಎಂದರೆ ಕಿರೀಟ, ಎಂದು ಹೆಸರು. ಎರಡು ರಾಜರ ತಲೆ ಸೇರಿದರೂ ಒಂದು ಕಿರೀಟದ ಬೆಲೆಯಿಲ್ಲವೆಂದು ಲಂಡನ್ನಿನ ಜನ ನಕ್ಕರು. ಆ ಕಾಲದ ಆಂಗ್ಲರ ಹಣದ ಬಡತನವನ್ನು ತಿಳಿಯಬೇಕಾದವನಿಗೆ 1817ರ ಚೊಕ್ಕ ಶಿಲಿಂಗಿಗಿಂತ ಈ ನಗೆಗೀಡಾದ ಡಾಲರು ಹೆಚ್ಚು ಹೇಳುತ್ತದೆ.

ಇದೇ ಜಾರ್ಜನ ಕಾಲದಲ್ಲಿ ಅವನ ಪ್ರಜೆಗಳೇ ಆದ ಈಸ್ಟ್ ಇಂಡಿಯಾ ಕಂಪೆನಿಯವರು ಕಲ್ಕತ್ತೆಯಲ್ಲಿ ಟಂಕಿಸುತ್ತಿದ್ದ ರೂಪಾಯಿಯ ಮೇಲೆ ಮೊಗಲ್ ಬಾದಷಹ ಎರಡನೆಯ ಷಾ ಆಲಂನ ಹೆಸರೂ ಅವನ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷವೂ ಇರುತ್ತಿದ್ದವು. ವರ್ಷ ಹತ್ತೊಂಬತ್ತರಲ್ಲಿಯೇ ಹೆಪ್ಪುಗಟ್ಟಿತ್ತು. ಬಾದಷಹನು 1806ರಲ್ಲಿ ತೀರಿಕೊಂಡರೂ ಕರಗಲಿಲ್ಲ. 1835ರಲ್ಲಿ ನಾಲ್ಕನೆಯ ವಿಲಿಯಂನ ತಲೆ ರೂಪಾಯಿಯ ಮೇಲೆ ಬಂದ ಬಳಿಕವೇ ಇಲ್ಲಿಯ ಬ್ರಿಟಿಷ್ ನಾಣ್ಯಗಳಿಗೆ ರಾಜಾನುಕ್ರಮ ಒಗ್ಗುವುದು. ಗಿಡ್ಡಶಿಲುಬೆಯ ಪೆನ್ನಿಯನ್ನು ಓದಲು ಈ ರೂಪಾಯಿ ನಮಗೆ ಒಳ್ಳೆಯ ಭಾಷ್ಯ.

ಕನ್ನಡ ನಾಡಿನವರಿಗೆ ಇದು ಹೊಸತಲ್ಲ. ಕಂಠೀರವ ನರಸರಾಜ ಒಡೆಯರು 1659ರಲ್ಲಿ ಕಾಲವಾದರು. ಮೈಸೂರಿನ ಲೆಕ್ಕಗಳು 19ನೆಯ ಶತಮಾನದ ಆರಂಭದಲ್ಲಿಯೂ ಕಂಠೀರಾಯಿ ವರಹದಲ್ಲಿಯೇ ನಡೆಯುತ್ತಿದ್ದವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಇಕ್ಕೇರಿಯ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳ್ಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಮಾತ್ರ ಹಾಕಿಸಿದನು. ನಮ್ಮ ಪೂರ್ವಿಕರು ಕಮ್ಮಟವೆಂದು ಕರೆದ ಸಂಸ್ಥೆಯ ಮರ್ಮವನ್ನು ಹೈದರನೂ ಜಾನನೂ ಒಂದೇ ರೀತಿಯಲ್ಲಿ ಬಲ್ಲವರಾಗಿದ್ದರು. ಹೈದರನ ವರಹವನ್ನು ಮುಂಬದಿ ಮಾತ್ರ ನೋಡಿ ವಿಂಗಡಿಸಿದರೆ ಅದು ಇಕ್ಕೇರಿಯ ನಾಯಕರ ಪಾಲಾಗುತ್ತದೆ. ನಮ್ಮ ನಾಣ್ಯಗಳನ್ನು ಆಳ್ವಿಕೆವಾರು ಜೋಡಿಸುವ ಪಾಠವನ್ನು ಆಂಗ್ಲ ಗ್ರಂಥಗಳಿಂದ ಕಲಿತವರು, ಆ ಪಾಠವು ಇಂಗ್ಲೆಂಡಿನಲ್ಲಿಯೇ ಎಷ್ಟೆಡೆ ಮುಗ್ಗರಿಸಿದೆಯೆಂಬುದನ್ನೂ ತಿಳಿದಿರಬೇಕು.

ಎಂಟನೆಯ ಎಡ್ವರ್ಡನು ರಿಚರ್ಡನ ಕಥೆಯನ್ನು ಆಧುನಿಕ ಕಾಲದಲ್ಲಿ ಮತ್ತೆ ಆಡಿ ತೋರಿಸಿದನು. 1936ರ ಜನವರಿಯಿಂದ ಡಿಸೆಂಬರಿನವರೆಗೆ ಅವನು ದೊರೆ. ಆ ವರ್ಷದ ಆಂಗ್ಲನಾಣ್ಯಗಳೆಲ್ಲ ಅವನ ತಂದೆಯ ಹೆಸರಿನವು. ಅವನ ತಲೆಯಿರುವ ಮಾದರಿಗಳು ತಯಾರಾಗಿದ್ದವು. ನಾಣ್ಯ ಹಾಕುವ ಯಂತ್ರಗಳ ತಯಾರಕರಿಗೆ ಪರೀಕ್ಷೆಗೆಂದು ಕೊಟ್ಟ ಹಿತ್ತಾಳೆಯ ಮೂರು ಪೆನ್ನಿಗಳಲ್ಲಿ ಕೆಲವು ಹೊರಗುಳಿದವು. ಸಾಮಾನ್ಯ ಸಂಗ್ರಾಹಕನಿಗೆ ಇವು ಎಟುಕುವಂಥವಲ್ಲ. ಆದುದರಿಂದ ಪೂರ್ವ ಆಫ್ರಿಕ, ಪಶ್ಚಿಮ ಆಫ್ರಿಕ, ಫಿಜಿ, ನ್ಯೂ ಗಿನಿಗಳಿಗಾಗಿ ಅವನ ಹೆಸರಿನಲ್ಲಿ ಹೊರಟ, ನಡುವೆ ತೂತಿರುವ, ತಲೆಯೇ ಇಲ್ಲದ ನಾಣ್ಯಗಳಲ್ಲೊಂದು ಆ ಗುಳಿಗೆ ಬೀಳುತ್ತದೆ. ಎಂಟು ಶತಮಾನ ಕಳೆದರೂ ಬರಿಗುಳಿಗೆ ಮದ್ದು ಸಮುದ್ರದಾಚೆಯಿಂದಲೇ ಬರಬೇಕಾಯಿತು.

ಪ್ರತಿವಾದಿಯು ಇಲ್ಲಿ ಒಂದು ಮಾತು ಹೇಳಬಹುದು: ವಿದ್ವಾಂಸರು ತಪ್ಪುಗಳನ್ನು ತಿದ್ದಿಯಾಗಿದೆ; ಸೀಬಿ ಸಂಸ್ಥೆ ಆರಂಭಿಸಿ ಅನಂತರ ಸ್ಪಿಂಕ್ ಸಂಸ್ಥೆ ಮುಂದುವರಿಸಿದ ಪಟ್ಟಿಯಲ್ಲಿ ರಿಚರ್ಡನ ಶೀರ್ಷಿಕೆಯ ಕೆಳಗೆ ಹೆನ್ರಿಯ ಹೆಸರಿನ ಪೆನ್ನಿಗಳನ್ನೇ ಸರಿಯಾಗಿ ತೋರಿಸಿದೆ; ಇನ್ನೇನು ಆಕ್ಷೇಪಣೆ? ಮಾತು ತಕ್ಕಮಟ್ಟಿಗೆ ನ್ಯಾಯವಾದುದೇ. ಆದರೆ ವರ್ಗವನ್ನು ತಿಳಿದು ಬಳಿಕ ಅದನ್ನು ಆಳ್ವಿಕೆಯ ಗೆರೆಯಲ್ಲಿ ಕತ್ತರಿಸುವುದು, ಒಂದೇ ಬಟ್ಟೆಯನ್ನು ನೇಯ್ದ ಮೇಲೆ ಗಜದ ಲೆಕ್ಕಕ್ಕೆ ಹರಿದಂತೆ. ಮೇಲಾಗಿ ಹಾನಿ ಪಟ್ಟಿಯಲ್ಲಷ್ಟೇ ಆಗಿಲ್ಲ. 1831ರಲ್ಲಿ ಟಟ್‌ಬರಿಯ ಬಳಿ ಡವ್ ಹೊಳೆಯಲ್ಲಿ ಎಡ್ವರ್ಡರ ಕಾಲದ ಪೆನ್ನಿಗಳು ಲಕ್ಷಗಟ್ಟಲೆಯಾಗಿ ಸಿಕ್ಕಿದವೆಂದು ಎಣಿಸುತ್ತಾರೆ. ಊರವರು ನೀರಿಗಿಳಿದು ಬಾಚಿದರು. ನಿಧಿ ಚೆದುರಿಹೋಯಿತು. ಒಂದು ನಿಧಿಯ ನಾಣ್ಯಗಳು ಒಟ್ಟಿಗಿದ್ದರೆ ಯಾವ ವರ್ಗದೊಡನೆ ಯಾವ ವರ್ಗ ಎಷ್ಟು ಪ್ರಮಾಣದಲ್ಲಿ ಓಡಾಡುತ್ತಿತ್ತೆಂಬುದು ತಿಳಿಯುತ್ತದೆ. ಒಂದೊಂದಾಗಿ ಪೆಟ್ಟಿಗೆಗಳಿಗೆ ಹಂಚಿದರೆ ತಿಳಿಯುವುದಿಲ್ಲ. ಅರಸನಿಗೊಂದರಂತೆ ಕೊಳ್ಳುವವನಿಗೆ ನಿಧಿಯಲ್ಲಿ ಬೇಕಾದುದು ಒಂದೇ ಒಂದು ಒಳ್ಳೆಯ ಪೆನ್ನಿ. ಉಳಿದವು ಅವನ ದೃಷ್ಟಿಯಲ್ಲಿ ಪುನರುಕ್ತಿ. ಎಕ್ಲ್ಸ್ ನಿಧಿಯನ್ನು ಆ ದೃಷ್ಟಿಯಿಂದ ನೋಡಿದ್ದರೆ ಗಿಡ್ಡಶಿಲುಬೆಯ ಗಂಟು ಬಿಚ್ಚುತ್ತಿರಲಿಲ್ಲ.

ಬೇರೆ ಬಗೆಯ ಸಂಗ್ರಹ ಸಾಧ್ಯವೆಂಬುದಕ್ಕೆ ಜೆಫ್ರಿ ಮಾಸರೇ ನಿದರ್ಶನ. ಇವರ ವೃತ್ತಿ ಮಧ್ಯಯುಗದ ಜಪಾನಿನ ಇತಿಹಾಸ. ಹವ್ಯಾಸ ಗಿಡ್ಡಶಿಲುಬೆಯ ಪೆನ್ನಿ. ಹೆನ್ರಿಯ ಹೆಸರೊಂದನ್ನೇ ಹೊತ್ತ ಪೆನ್ನಿಗಳನ್ನು ಅವರು ಟಂಕಸಾಲೆ, ಟಂಕಕಾರ, ವರ್ಗಗಳ ದೃಷ್ಟಿಯಿಂದ ಕೂಡಿಹಾಕಿದರು. ಬ್ರಿಟಿಷ್ ದ್ವೀಪಗಳ ನಾಣ್ಯಸಂಗ್ರಹಗಳನ್ನು 1958ರಿಂದ ಪ್ರಕಟಿಸುತ್ತ ಬಂದಿರುವ ಮಾಲೆಯ 56ನೆಯ ಸಂಪುಟವಾಗಿ ಆ ಸಂಗ್ರಹ 2001ರಲ್ಲಿ ಹೊರಬಂದಿತು. ಗುಳಿಯ ಲೆಕ್ಕದಲ್ಲಿ ಹೇಳುವುದಾದರೆ ಅದು ನಾಲ್ಕೇ ಗುಳಿಯ ಸಂಗ್ರಹ. ವರ್ಗಗಳೂ ಆಧುನಿಕರ ಕಲ್ಪನೆಯೇ ಅಲ್ಲವೆ ಎಂದರೆ, ಹೌದು. ಆದರೆ ಹೊಸ ನಿಧಿ ಸಿಕ್ಕಿದಾಗ ವರ್ಗವನ್ನು ತಿದ್ದಬಹುದು. ಲಾರೆನ್ಸರು ಈವಾನ್ಸರನ್ನು ತಿದ್ದಿದಂತೆ. ಅರಸರ ಸಾಲನ್ನು ಯಾವ ನಿಧಿಯೂ ತಿದ್ದಲಾರದು. ಅದು ನಾಣ್ಯದಿಂದ ಏನನ್ನೂ ಕಲಿಯುವುದಿಲ್ಲ.

ಎಲ್ಲರೂ ಮಾಸರಂತೆ ಕೂಡಿಹಾಕಲಾರರು. ಅರಸನಿಗೊಂದರಂತೆ ಹಲಗೆ ಜೋಡಿಸಿರುವವರು ಅದನ್ನು ಕಲಕಬೇಕಾಗಿಯೂ ಇಲ್ಲ. ಚೀಟಿಯನ್ನು ಬದಲಿಸಿದರೆ ಬಹುಪಾಲು ದೋಷ ಪರಿಹಾರವಾಗುತ್ತದೆ. ಈಗಿನ ಚೀಟಿಯಲ್ಲಿ ಅರಸನ ಹೆಸರು, ಆಳಿದ ವರ್ಷ ಎರಡೇ ಇರುತ್ತವೆ. ಅದರ ಬದಲು ನಾಣ್ಯದ ಮೇಲಿರುವ ಹೆಸರು ಯಾರದು, ಮುಖ ಯಾರದು, ಟಂಕಿಸಿದಾಗ ಆಳುತ್ತಿದ್ದವನು ಯಾರು, ಎಲ್ಲಿ ಯಾರು ಟಂಕಿಸಿದರು, ಬೆಳ್ಳಿ ಎಷ್ಟು ಪಾಲು ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ಜಾನನ ಗುಳಿಯಲ್ಲಿ ಐದನೆಯ ವರ್ಗದ ಪೆನ್ನಿಯಿದ್ದರೆ: ಹೆಸರು ಹೆನ್ರಿ, ಆಳುತ್ತಿದ್ದವನು ಜಾನ್, ಊರು ಲಂಡನ್ನೋ ವಿಂಚೆಸ್ಟರೋ, ಟಂಕಕಾರನು ಇಂಥವನು. ಅರ್ಧಸಾವರಿನ್ನಿಗೆ ಹೆಸರು ತಂದೆಯದು, ಮುಖ ಮಗನದು. ಸ್ಪೇನಿನ ಡಾಲರಿಗೆ ಎರಡು ಹೆಸರು. 1936ರ ಪೆನ್ನಿಗೆ ಹೆಸರೂ ಮುಖವೂ ಐದನೆಯ ಜಾರ್ಜನವು, ದೊರೆ ಎಂಟನೆಯ ಎಡ್ವರ್ಡ್. ಆಫ್ರಿಕದ ತೂತಿನ ನಾಣ್ಯ ಪಕ್ಕದಲ್ಲಿ ತನ್ನದೇ ಊರಿನ ಚೀಟಿಯೊಡನೆ ಇರಲಿ. 1190ರ ದಶಕದ ಪೆನ್ನಿ ದೊರೆಯದಿದ್ದರೆ ರಿಚರ್ಡನ ಗುಳಿ ಬರಿದಾಗಿಯೇ ಇರಲಿ. ಟಂಕಕಾರನ ಹೆಸರು ಚೆನ್ನಾಗಿ ಓದಲು ಬರುವ ಪೆನ್ನಿಗಳಲ್ಲಿ ಕೆಲವನ್ನಾದರೂ ಹಿಂಬದಿ ಮೇಲಾಗುವಂತೆ ತಿರುಗಿಸಿಡಬಹುದು.